ಸೆನ್ಸರ್ ಹೊಸದು, ಲೈಟ್ ಮಾತ್ರ ಹೋಗ್ತಿಲ್ಲ: ಇಸಿಎಂ ಬದಲಿಸುವ ಮುಂಚೆ ಎರಡು ವೈರ್ ನೋಡಿ

ಪ್ರಶ್ನೆ: ಸರ್, ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. 2016ರ ಪೆಟ್ರೋಲ್ ಕಾರು ಇದೆ. ಎರಡು ತಿಂಗಳ ಹಿಂದೆ ಚೆಕ್ ಎಂಜಿನ್ ಲೈಟ್ ಬಂತು. ಲೈಟ್ ಬಂದಾಗೆಲ್ಲ ಎಂಜಿನ್ ತಣ್ಣಗಿದ್ದರೂ ರೇಡಿಯೇಟರ್ ಫ್ಯಾನ್ ಓಡುತ್ತಲೇ ಇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಮೈಲೇಜೂ ಇಳಿದಿದೆ. ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿ ಪಿ0118 ಕೋಡ್, ಕೂಲೆಂಟ್ ಟೆಂಪರೇಚರ್ ಸೆನ್ಸರ್ (ಎಂಜಿನ್ ತಂಪು ಮಾಡುವ ದ್ರವದ ಬಿಸಿ ಅಳೆಯುವುದು) ಹೋಗಿದೆ ಅಂದರು. ಹೊಸದು ಹಾಕಿದರು. ಎರಡು ವಾರ ಸರಿ ಇತ್ತು, ಮತ್ತೆ ಅದೇ ಲೈಟ್. ಇನ್ನೊಂದು ಸೆನ್ಸರ್ ಹಾಕಿದರು, ಮತ್ತೆ ಅದೇ. ಈಗ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, ಬದಲಿಸಬೇಕು, ಮೂವತ್ತು ಸಾವಿರದ ಹತ್ತಿರ ಆಗುತ್ತದೆ ಅನ್ನುತ್ತಿದ್ದಾರೆ. ಬದಲಿಸಲಾ? ನನ್ನ ಹತ್ತಿರ ಡಿಜಿಟಲ್ ಮಲ್ಟಿಮೀಟರ್ ಇದೆ, ಪಂಪ್‌ಸೆಟ್ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ.

ಉತ್ತರ:

ಬದಲಿಸಬೇಡಿ. ಕೊನೇಪಕ್ಷ ಈಗಲೇ ಬೇಡ. ನೀವು ಬರೆದ ಲಕ್ಷಣಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಇಸಿಎಂ ಹೋಗಿರುವ ಸಾಧ್ಯತೆ ತೀರಾ ಕಮ್ಮಿ. ಸೆನ್ಸರಿಗೆ ಹೋಗುವ ಎರಡು ವೈರ್‌ಗಳಲ್ಲಿ ಒಂದು ಎಲ್ಲೋ ಬಿಟ್ಟು ಬಿಟ್ಟು ಹಿಡಿಯುತ್ತಿದೆ, ಇಲ್ಲ ಅಂದರೆ ಕಪ್ಲರ್ (ವೈರನ್ನು ಸೆನ್ಸರಿಗೆ ಸಿಕ್ಕಿಸುವ ಪ್ಲಗ್) ಒಳಗಿನ ಪಿನ್ ಸಡಿಲವಾಗಿದೆ ಅಂತ ನನ್ನ ಅಂದಾಜು. ಆದರೆ ಅಂದಾಜಿನ ಮೇಲೆ ದುಡ್ಡು ಸುರಿಯೋದು ಬೇಡ, ಎರಡು ಸೆನ್ಸರ್ ವಿಷಯದಲ್ಲಿ ಈಗಾಗಲೇ ಆಗಿದ್ದು ಅದೇ ಅಲ್ವಾ. ನಿಮ್ಮ ಪಂಪ್‌ಸೆಟ್ ಮೀಟರ್‌ನಲ್ಲೇ ಇದನ್ನು ಖಚಿತ ಮಾಡಿಕೊಳ್ಳಬಹುದು.

ಮೊದಲು ಆ ಕೋಡ್ ಏನು ಹೇಳುತ್ತಿದೆ ನೋಡೋಣ. ಪಿ0118 ಬಂದರೆ ಸೆನ್ಸರ್ ಕೆಟ್ಟಿದೆ ಅಂತ ಅರ್ಥವಿಲ್ಲ. ಕೂಲೆಂಟ್ ಸೆನ್ಸರ್‌ನ ಲೈನಿನಲ್ಲಿ ವೋಲ್ಟೇಜ್ ಇರಬೇಕಾದ್ದಕ್ಕಿಂತ ಜಾಸ್ತಿ ಕಾಣುತ್ತಿದೆ ಅಂತಷ್ಟೇ ಇಸಿಎಂ ದೂರು ಕೊಡುತ್ತಿದೆ. ಆ ಲೈನಿನಲ್ಲಿ ಸೆನ್ಸರ್ ಒಂದು ಭಾಗ. ಕಪ್ಲರ್, ಎರಡು ವೈರ್, ಮಧ್ಯದಲ್ಲಿ ಬರುವ ಜೋಡಣೆಗಳು, ಕೊನೆಗೆ ಇಸಿಎಂ, ಎಲ್ಲವೂ ಸೇರಿಯೇ ಆ ಲೈನ್.

ಸೆನ್ಸರ್ ಒಳಗಿರೋದು ಒಂದು ಚಿಕ್ಕ ಥರ್ಮಿಸ್ಟರ್. ಬಿಸಿ ಏರಿದ ಹಾಗೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಬಹಳಷ್ಟು ಕಾರುಗಳಲ್ಲಿ 20 ಡಿಗ್ರಿಯಲ್ಲಿ ಎರಡರಿಂದ ಮೂರು ಕಿಲೋ ಓಮ್ ಇರುತ್ತದೆ, 80 ಡಿಗ್ರಿಗೆ ಬಂದರೆ 300 ಓಮ್ ಆಸುಪಾಸು. ಇಸಿಎಂ ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸುತ್ತದೆ, ಕರೆಂಟ್ ಸೆನ್ಸರ್ ದಾಟಿ ಇನ್ನೊಂದು ವೈರ್‌ನಲ್ಲಿ ವಾಪಸ್ ಇಸಿಎಂನ ಅರ್ತಿಗೆ ಬರುತ್ತದೆ. ಸೆನ್ಸರ್ ತಣ್ಣಗಿದ್ದರೆ ಸಿಗ್ನಲ್ ವೈರ್‌ನಲ್ಲಿ ವೋಲ್ಟೇಜ್ ಮೇಲೆ ಇರುತ್ತದೆ, ಬಿಸಿಯಾದರೆ ಒಂದು ವೋಲ್ಟ್ ಆಸುಪಾಸಿಗೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಇಸಿಎಂ ಆ ವೋಲ್ಟೇಜ್ ನೋಡಿಯೇ ಎಂಜಿನ್ ಎಷ್ಟು ಬಿಸಿ ಇದೆ ಅಂತ ಲೆಕ್ಕ ಹಾಕುತ್ತದೆ.

ಈಗ ಆ ಎರಡು ವೈರ್‌ಗಳಲ್ಲಿ ಯಾವುದಾದರೂ ಒಂದು ತುಂಡಾಯಿತು ಅಂದುಕೊಳ್ಳಿ. ಕರೆಂಟ್ ಹರಿಯುವುದಿಲ್ಲ. 5 ವೋಲ್ಟ್ ಇಳಿಯದೆ ಹಾಗೇ ಉಳಿಯುತ್ತದೆ. ಇಸಿಎಂ ಲೆಕ್ಕದಲ್ಲಿ ಅದು ಮೈನಸ್ 40 ಡಿಗ್ರಿ. ಪಾಂಡವಪುರದಲ್ಲಿ ಮೈನಸ್ 40 ಎಲ್ಲಿಂದ ಬರಬೇಕು? ಇಸಿಎಂಗೂ ಇದು ಸಾಧ್ಯವಿಲ್ಲ ಅಂತ ಗೊತ್ತು, ಅದಕ್ಕೇ ಪಿ0118 ಹಾಕಿ ಲೈಟ್ ಹೊತ್ತಿಸುತ್ತದೆ. ಎಂಜಿನ್ ಎಷ್ಟು ಬಿಸಿ ಇದೆ ಅನ್ನೋದೇ ಗೊತ್ತಾಗದಿದ್ದಾಗ ಕಾದು ಸೀಜ್ ಆಗದಿರಲಿ ಅಂತ ಫ್ಯಾನ್ ಹಾಕಿಬಿಡುತ್ತದೆ. ಪೆಟ್ರೋಲ್ ಎಷ್ಟು ಬಿಡಬೇಕು ಅನ್ನೋದಕ್ಕೂ ತನ್ನದೇ ಒಂದು ಅಂದಾಜಿನ ಬಿಸಿ ಇಟ್ಟುಕೊಂಡು ಓಡಿಸುತ್ತದೆ. ಆ ಅಂದಾಜು ಓಡಿದ ಎಂಜಿನ್‌ಗೆ ಸರಿಹೋಗುತ್ತದೆ, ಬೆಳಗಿನ ತಣ್ಣನೆ ಎಂಜಿನ್‌ಗೆ ಹೊಂದುವುದಿಲ್ಲ. ಹಾಗಾಗಿ ಸ್ಟಾರ್ಟಿಂಗ್ ತೊಂದರೆ. ನೀವು ಬರೆದ ಲಕ್ಷಣಗಳು ಇದಕ್ಕೆ ಹೊಂದುತ್ತವೆ.

ಇಸಿಎಂ ಮೇಲೆ ನನಗೆ ಯಾಕೆ ಅನುಮಾನ ಬರುವುದಿಲ್ಲ ಅಂದರೆ, 5 ವೋಲ್ಟ್ ಕಳಿಸುವ ಒಳಗಿನ ರೆಸಿಸ್ಟರ್ ಸುಟ್ಟುಹೋದರೆ ಲೈನಿನಲ್ಲಿ ವೋಲ್ಟೇಜೇ ಇರುವುದಿಲ್ಲ. ಆಗ ಸಾಮಾನ್ಯವಾಗಿ ಬರೋದು ಇದರ ತದ್ವಿರುದ್ಧ ಕೋಡ್, ಪಿ0117, ಅಂದರೆ ವೋಲ್ಟೇಜ್ ತೀರಾ ಕಮ್ಮಿ, ಎಂಜಿನ್ ವಿಪರೀತ ಬಿಸಿ ಅಂತ. ನಿಮಗೆ ಬರುತ್ತಿರೋದು 0118. ಜೊತೆಗೆ ನಿಮ್ಮ ತೊಂದರೆ ಬಂದು ಹೋಗಿ ಮಾಡುತ್ತಿದೆ, ಎರಡು ವಾರ ಸುಮ್ಮನಿದ್ದು ಮತ್ತೆ ಬರುತ್ತಿದೆ. ಇಸಿಎಂನಲ್ಲಿ ಅಂಥ ಕಾಯಿಲೆ ಬರುವುದೇ ಇಲ್ಲ ಅಂತಲ್ಲ, ಆದರೆ ಎಂಜಿನ್ ಮೇಲೆ ಸದಾ ಅಲುಗಾಡುವ, ಕಾಯುವ, ನೀರು ಬೀಳುವ ವೈರ್‌ಗೆ ಬರೋದೇ ಜಾಸ್ತಿ.

ಹಾಗಾದರೆ ಹೊಸ ಸೆನ್ಸರ್ ಹಾಕಿದಾಗ ಎರಡು ವಾರ ಸರಿ ಹೋಗಿದ್ದು ಹೇಗೆ? ಸೆನ್ಸರ್ ಬದಲಿಸಬೇಕಾದರೆ ಕಪ್ಲರ್ ಬಿಚ್ಚಬೇಕು, ವೈರ್ ಎಳೆಯಬೇಕು, ಮತ್ತೆ ಒತ್ತಿ ಕೂರಿಸಬೇಕು. ಆ ಎಳೆದಾಟದಲ್ಲಿ ಬಿಟ್ಟಿದ್ದ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಲೈಟ್ ಹೋಗುತ್ತದೆ. ಎಲ್ಲರೂ ಸೆನ್ಸರ್‌ಗೆ ಕ್ರೆಡಿಟ್ ಕೊಡುತ್ತಾರೆ. ಆಮೇಲೆ ಎಂಜಿನ್ ಅದುರಿ ಅದುರಿ ಮತ್ತೆ ಬಿಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ, ಇಲ್ಲಿ ಎಮ್ಮೆಗೆ ಎರಡು ಸಲ ಬಿದ್ದಿದೆ.

ಈಗ ಕೆಲಸಕ್ಕೆ ಬರೋಣ. ಮೀಟರ್ ಜೊತೆಗೆ ಒಂದು ಬ್ಲೂಟೂತ್ ಒಬಿಡಿ ಅಡಾಪ್ಟರ್ (ಇಸಿಎಂನಲ್ಲಿರುವ ಮಾಹಿತಿಯನ್ನು ಮೊಬೈಲ್‌ಗೆ ಕಳಿಸುವ ಚಿಕ್ಕ ಸಾಧನ) ತೆಗೆದುಕೊಳ್ಳಿ, ಇಎಲ್‌ಎಂ327 ಅಂತ ಕೇಳಿದರೆ ಕೊಡುತ್ತಾರೆ, ಸಾಧಾರಣದ್ದು ಸಾವಿರ ರೂಪಾಯಿ ಒಳಗೇ ಸಿಗುತ್ತದೆ. ಸ್ಟೇರಿಂಗ್ ಕೆಳಗೆ ಡ್ಯಾಶ್‌ಬೋರ್ಡ್ ಅಡಿಯಲ್ಲಿ 16 ಪಿನ್ನಿನ ಸಾಕೆಟ್ ಇರುತ್ತದೆ. 2013ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಒಬಿಡಿ-2 ಕಡ್ಡಾಯ, ಹಾಗಾಗಿ ನಿಮ್ಮ 2016ರ ಗಾಡಿಯಲ್ಲಿ ಇದ್ದೇ ಇದೆ. ಮೊಬೈಲ್‌ಗೆ ಒಂದು ಆ್ಯಪ್ ಹಾಕಿಕೊಂಡರೆ ಕೋಡ್ ಜೊತೆಗೆ ಲೈವ್ ಡೇಟಾ, ಅಂದರೆ ಸೆನ್ಸರ್‌ಗಳ ಆ ಕ್ಷಣದ ರೀಡಿಂಗ್ ಕಾಣುತ್ತದೆ. ನಮಗೆ ಕೋಡ್‌ಗಿಂತ ಮುಖ್ಯ ಈ ಲೈವ್ ಡೇಟಾ.

ಒಂದು ಮಾತು, ಕೋಡ್ ಅಳಿಸಬೇಡಿ. ಗ್ಯಾರೇಜುಗಳಲ್ಲಿ ಸ್ಕ್ಯಾನರ್ ಹಾಕಿದ ತಕ್ಷಣ ಕ್ಲಿಯರ್ ಒತ್ತುವ ಅಭ್ಯಾಸ ಇದೆ, ನನಗೆ ಅದು ಕಂಡರೆ ಆಗುವುದಿಲ್ಲ. ಕೋಡ್ ಬಿದ್ದ ಕ್ಷಣದಲ್ಲಿ ಗಾಡಿ ಎಷ್ಟು ಸ್ಪೀಡಿನಲ್ಲಿತ್ತು, ಆರ್‌ಪಿಎಂ ಎಷ್ಟಿತ್ತು, ಲೋಡ್ ಎಷ್ಟಿತ್ತು ಅನ್ನೋದನ್ನೆಲ್ಲ ಇಸಿಎಂ ಬರೆದಿಟ್ಟುಕೊಂಡಿರುತ್ತದೆ, ಫ್ರೀಜ್ ಫ್ರೇಮ್ ಅಂತ ಆ್ಯಪ್‌ನಲ್ಲಿ ಇರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಬ್ಯಾಟರಿ ಬಿಚ್ಚಿದರೂ ಎಷ್ಟೋ ಗಾಡಿಗಳಲ್ಲಿ ಹೋಗುತ್ತದೆ. ಮೊದಲು ಅದರ ಫೋಟೊ ತೆಗೆದುಕೊಳ್ಳಿ. ಪ್ರತಿ ಸಲ ಗುಂಡಿ ರಸ್ತೆಯಲ್ಲಿ ನಿಧಾನ ಹೋಗುವಾಗ ಬೀಳುತ್ತಿದೆಯಾ, ಮಂಡ್ಯ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗಲಾ, ಅಥವಾ ಮಳೆ ಬಂದ ಮಾರನೇ ದಿನವಾ, ಇಂಥದ್ದನ್ನು ಹೊಂದಿಸಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಬ್ಯಾಟರಿಯನ್ನೂ ಒಮ್ಮೆ ಅಳೆದುಬಿಡಿ. ರಾತ್ರಿ ಇಡೀ ನಿಂತ ಗಾಡಿಯಲ್ಲಿ 12.4ರಿಂದ 12.6 ವೋಲ್ಟ್, ಸ್ಟಾರ್ಟ್ ಆದ ಮೇಲೆ 13.8ರಿಂದ 14.5 ಇದ್ದರೆ ಮುಂದಕ್ಕೆ ಹೋಗಿ. ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗೆ ಬೀಳುತ್ತಿದ್ದರೆ ಬೆಳಗಿನ ಸ್ಟಾರ್ಟಿಂಗ್ ತೊಂದರೆಯಲ್ಲಿ ಬ್ಯಾಟರಿಯ ಪಾಲೂ ಇದೆ.

ಆಮೇಲೆ ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಕಣ್ಣಲ್ಲಿ ನೋಡಿ. ಇದಕ್ಕೆ ಅರ್ಧ ಗಂಟೆ ಕೊಡಿ, ಅವಸರ ಬೇಡ. ಕೂಲೆಂಟ್ ಸೆನ್ಸರ್ ಸಾಮಾನ್ಯವಾಗಿ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟ್ ಹರಿಯಲು ಬಿಡುವ ವಾಲ್ವ್) ಇರುವ ಕಡೆ, ಸಿಲಿಂಡರ್ ಹೆಡ್ ಪಕ್ಕದಲ್ಲಿ ಇರುತ್ತದೆ. ಅಲ್ಲಿಂದ ವೈರ್ ಹೋಗುವ ದಾರಿಯನ್ನು ಬೆರಳಲ್ಲಿ ಹಿಡಿದು ಹಿಂಬಾಲಿಸಿ. ವೈರ್ ಯಾವುದಾದರೂ ಕಬ್ಬಿಣದ ಪಟ್ಟಿಯ ಅಂಚಿಗೆ ಉಜ್ಜುತ್ತಿದೆಯಾ, ಕ್ಲಿಪ್ ಮುರಿದು ಜೋತುಬಿದ್ದಿದೆಯಾ, ಯಾರೋ ಹಿಂದೆ ವೈರ್ ತಿರುಚಿ ಕಪ್ಪು ಟೇಪ್ ಸುತ್ತಿದ ಜಾಗ ಇದೆಯಾ? ಹಳೇ ಟೇಪ್ ಕಂಡರೆ ಬಿಚ್ಚಿಯೇ ನೋಡಿ. ಎಂಜಿನ್ ಕಾವಿಗೆ ಟೇಪಿನ ಅಂಟು ಕರಗಿ ಸಡಿಲವಾಗಿರುತ್ತದೆ, ಒಳಗೆ ತಾಮ್ರ ಕಿಲುಬು ಹಿಡಿದಿರುತ್ತದೆ. ಎಕ್ಸ್‌ಟ್ರಾ ಹಾರ್ನ್, ಫಾಗ್ ಲ್ಯಾಂಪ್, ಅಲಾರಂ ಹಾಕಿಸಿದ್ದರೆ ಅದರ ವೈರ್ ಎಲ್ಲಿಂದ ಎಳೆದಿದ್ದಾರೆ ಅಂತಲೂ ನೋಡಿ. ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಇದ್ದರಂತೂ ಸೆನ್ಸರ್ ವೈರ್‌ಗಳನ್ನೇ ಕತ್ತರಿಸಿ ಜೋಡಿಸಿರುವ ಸಾಧ್ಯತೆ ಉಂಟು, ಮೊದಲ ಅನುಮಾನ ಆ ಜೋಡಣೆ ಮೇಲೇ ಇರಲಿ.

ನಿಮ್ಮ ಕಡೆ ಇನ್ನೊಂದು ದೊಡ್ಡ ಕಾಟ ಇಲಿ. ಸುತ್ತಮುತ್ತ ಕಬ್ಬು, ಭತ್ತದ ಗದ್ದೆ. ಕಟಾವು ಮುಗಿದರೆ ಇಲಿಗಳಿಗೆ ಇರೋ ಜಾಗ ಹೋಗುತ್ತದೆ, ರಾತ್ರಿ ಬೆಚ್ಚಗಿರುವ ಎಂಜಿನ್ ಸಿಕ್ಕರೆ ಬಿಡುತ್ತವಾ? ಇಂಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಕೆಳಗೆ, ಬ್ಯಾಟರಿ ಟ್ರೇ ಹಿಂದೆ, ಎಂಜಿನ್ ಕವರ್ ಒಳಗೆ ಹಿಕ್ಕೆ, ಹುಲ್ಲು, ಭತ್ತದ ಹೊಟ್ಟು ಕಂಡರೆ ಆ ಸುತ್ತಲಿನ ಎಲ್ಲ ವೈರನ್ನೂ ಪರೀಕ್ಷೆ ಮಾಡಿ. ಇಲಿ ಯಾವಾಗಲೂ ಪೂರ್ತಿ ಕಡಿಯುವುದಿಲ್ಲ. ಒಂದು ಪಕ್ಕದ ಸಿಪ್ಪೆ ಮಾತ್ರ ತಿಂದು ಬಿಟ್ಟಿರುತ್ತದೆ, ಮೇಲಿಂದ ನೋಡಿದರೆ ವೈರ್ ಚೆನ್ನಾಗಿಯೇ ಕಾಣುತ್ತದೆ, ಕೆಳಗಡೆ ತಾಮ್ರದ ಒಂದೆರಡು ಎಳೆ ಉಳಿದಿರುತ್ತವೆ. ಚಿಕ್ಕ ಕನ್ನಡಿ ಹಿಡಿದು ಅಥವಾ ಮೊಬೈಲ್ ಕ್ಯಾಮೆರಾ ಕೆಳಗೆ ತೂರಿಸಿ ಫೋಟೊ ತೆಗೆದು ನೋಡಿ.

ಕಪ್ಲರ್ ಬಿಚ್ಚಿ ಒಳಗೂ ನೋಡಿ. ಹಸಿರು ಪುಡಿ ಇದ್ದರೆ ಕಿಲುಬು, ನೀರು ಹೋಗಿದೆ ಅಂತ ಅರ್ಥ. ವಾಟರ್ ಸರ್ವಿಸ್ ಮಾಡುವಾಗ ಪ್ರೆಶರ್ ಗನ್ ಹಿಡಿದು ಎಂಜಿನ್ ಮೇಲೆಲ್ಲ ಹೊಡೆಯುತ್ತಾರಲ್ಲ, ಅದರ ಫಲ. ಎಂಜಿನ್ ಫಳಫಳ ಹೊಳೆಯುತ್ತದೆ ಅಂತ ಖುಷಿಪಡುತ್ತೇವೆ, ತಿಂಗಳೊಳಗೆ ಒಂದೊಂದೇ ಲೈಟ್ ಬರೋಕೆ ಶುರು. ಇನ್ನು ಪಿನ್. ಹಳೇ ಸೆನ್ಸರ್‌ನ ಕಾಲಿನಷ್ಟೇ ದಪ್ಪದ ಲೋಹದ ತುಂಡನ್ನು ಕಪ್ಲರ್‌ನ ಎರಡೂ ತೂತಿಗೆ ಒಂದೊಂದಾಗಿ ಹಾಕಿ ಎಳೆಯಿರಿ. ಸ್ವಲ್ಪ ಬಿಗಿ ಇರಬೇಕು. ಒಂದು ಬಿಗಿ, ಇನ್ನೊಂದು ಸುಮ್ನೆ ಜಾರಿಕೊಂಡು ಬಂದರೆ ನಿಮ್ಮ ಕಳ್ಳ ಸಿಕ್ಕಿದ ಹಾಗೆ. ಮೀಟರ್‌ನ ದಪ್ಪ ಕಡ್ಡಿಯನ್ನು ಆ ತೂತಿಗೆ ಯಾರಾದರೂ ತುರುಕಿದ್ದರೆ ಪಿನ್ ಅಗಲವಾಗಿರುತ್ತದೆ. ನೀವೂ ಹಾಗೆ ಮಾಡಬೇಡಿ. ಅಳೆಯುವಾಗ ವೈರ್ ಕಡೆಯಿಂದ, ಅಂದರೆ ಕಪ್ಲರ್‌ನ ಹಿಂಬದಿಯಿಂದ ತೆಳು ಗುಂಡುಸೂಜಿ ನಿಧಾನವಾಗಿ ತೂರಿಸಿ, ಅದಕ್ಕೆ ಮೀಟರ್ ಮುಟ್ಟಿಸಿ.

ಮೀಟರ್ ಕೆಲಸ ಹೇಳುವ ಮುಂಚೆ ಎಚ್ಚರಿಕೆ. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ಕೈ, ಟವೆಲ್, ಸಡಿಲ ತೋಳು ದೂರ ಇರಲಿ. ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಹಳದಿ ಕಪ್ಲರ್, ಹಳದಿ ಕೊಳವೆಯೊಳಗೆ ಹೋಗುವ ವೈರ್ ಏರ್‌ಬ್ಯಾಗ್‌ದು, ಅದರ ತಂಟೆ ಬೇಡ. ಮತ್ತೆ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿದುಕೊಂಡು ಇಸಿಎಂ ವೈರ್‌ಗಳನ್ನು ಮುಟ್ಟಬಾರದು. ಹೆಡ್‌ಲೈಟ್, ಹಾರ್ನ್‌ಗೆ ಅದು ಸರಿ. ಇಲ್ಲಿ ಹರಿಯೋದು ಕೆಲವೇ ಮಿಲಿ ಆಂಪಿಯರ್, ಬಲ್ಬ್ ಎಳೆಯೋದು ಅದರ ಎಷ್ಟೋ ಪಟ್ಟು. ಚೆನ್ನಾಗಿದ್ದ ಇಸಿಎಂ ನಿಜಕ್ಕೂ ಹೋಗೋದು ಹೀಗೇ.

ಲೈಟ್ ಬಂದು ಫ್ಯಾನ್ ಓಡುತ್ತಿರುವಾಗಲೇ, ಅಂದರೆ ತೊಂದರೆ ಇರುವ ಹೊತ್ತಿನಲ್ಲೇ ಪರೀಕ್ಷೆ ಮಾಡಿ. ಸರಿ ಇದ್ದಾಗ ಅಳೆದರೆ ಎಲ್ಲವೂ ಸರಿಯೇ ತೋರಿಸುತ್ತದೆ. ಎಂಜಿನ್ ನಿಲ್ಲಿಸಿ, ಕೀ ಆನ್ ಇಡಿ. ಆ್ಯಪ್‌ನಲ್ಲಿ ಕೂಲೆಂಟ್ ಟೆಂಪರೇಚರ್ ತೆರೆಯಿರಿ. ಕೆಲವು ಗಾಡಿಗಳಲ್ಲಿ ಕೋಡ್ ಬಿದ್ದ ಮೇಲೆ ಮೈನಸ್ 40 ಬದಲು ಇಸಿಎಂ ತನ್ನ ಅಂದಾಜಿನ 80 ಡಿಗ್ರಿಯನ್ನೇ ತೋರಿಸುತ್ತದೆ, ಮೋಸ ಹೋಗಬೇಡಿ. ಹಾಗಿದ್ದರೆ ಆ್ಯಪ್ ನಂಬದೆ ಸಿಗ್ನಲ್ ವೈರ್‌ನ ವೋಲ್ಟೇಜನ್ನು ಮೀಟರ್‌ನಲ್ಲೇ ನೋಡಬೇಕು. ನಿಮ್ಮದರಲ್ಲಿ ಮೈನಸ್ 40 ಕಾಣುತ್ತಿದೆ ಅಂದುಕೊಂಡು ಹೇಳುತ್ತೇನೆ.

ಸೆನ್ಸರ್‌ನಿಂದ ಕಪ್ಲರ್ ಬಿಚ್ಚಿ. ಕಪ್ಲರ್‌ನ ಎರಡೂ ಪಿನ್‌ಗಳನ್ನು ಒಂದು ತೆಳು ವೈರ್ ತುಂಡಿನಿಂದ ಜೋಡಿಸಿ. ರೀಡಿಂಗ್ ಮೈನಸ್ 40ರಿಂದ ಒಂದೇ ಸಲ 120, 130 ಡಿಗ್ರಿ ದಾಟಿ ಮೇಲಕ್ಕೆ ಹಾರಿದರೆ ಎರಡೂ ವೈರ್ ಚೆನ್ನಾಗಿವೆ, ಇಸಿಎಂ ಕೂಡ ಚೆನ್ನಾಗಿದೆ. ಈ ಒಂದೇ ಪರೀಕ್ಷೆ ಮೂವತ್ತು ಸಾವಿರ ಉಳಿಸುತ್ತದೆ. ಆಗ ಉಳಿಯೋದು ಸೆನ್ಸರ್, ಇಲ್ಲವೇ ಸೆನ್ಸರ್ ಕಾಲಿಗೂ ಕಪ್ಲರ್ ಪಿನ್ನಿಗೂ ನಡುವಿನ ಹಿಡಿತ. ಎರಡು ಹೊಸ ಸೆನ್ಸರ್ ಹಾಕಿಯಾಗಿದೆ, ಹಾಗಾಗಿ ನಾನು ಪಿನ್ ಮೇಲೆ ಕೈ ಇಡುತ್ತೇನೆ. ಹೀಗೆ ಎರಡು ಪಿನ್ ಜೋಡಿಸೋದು ಈ ಎರಡು ವೈರಿನ ಥರ್ಮಿಸ್ಟರ್ ಸೆನ್ಸರ್‌ಗೆ ಮಾತ್ರ ಸರಿ. ಮೂರು ವೈರಿನ ಸೆನ್ಸರ್‌ನಲ್ಲಿ ಈ ಆಟ ಬೇಡ, ಅಲ್ಲಿ 5 ವೋಲ್ಟ್ ಸಪ್ಲೈಯನ್ನೇ ಅರ್ತಿಗೆ ಹೊಡೆಸಿದ ಹಾಗಾಗುತ್ತದೆ.

ಜೋಡಿಸಿದರೂ ಮೈನಸ್ 40 ಅಲ್ಲಾಡಲಿಲ್ಲ ಅಂದರೆ ವೈರ್ ತುಂಡಾಗಿದೆ. ಎರಡರಲ್ಲಿ ಯಾವುದು? ಮೀಟರ್‌ನ ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ ಇಡಿ, ಕೆಂಪು ಕಡ್ಡಿಯಿಂದ ಕಪ್ಲರ್‌ನ ಎರಡೂ ಪಿನ್ ನೋಡಿ. ಒಂದರಲ್ಲಿ 5 ವೋಲ್ಟ್ ಆಸುಪಾಸು ಬಂದರೆ ಸಿಗ್ನಲ್ ವೈರ್ ಇಸಿಎಂ ತನಕ ಸರಿ ಇದೆ. ಈಗ ಆ 5 ವೋಲ್ಟ್ ಪಿನ್ನಿನಿಂದ ನೇರ ಬ್ಯಾಟರಿ ನೆಗೆಟಿವ್‌ಗೆ ಒಂದು ವೈರ್ ಕೊಡಿ. ಒಳಗೆ ರೆಸಿಸ್ಟರ್ ಇರುವುದರಿಂದ ಏನೂ ಸುಡುವುದಿಲ್ಲ, ಆದರೆ ಅದು 5 ವೋಲ್ಟೇ ಅಂತ ಮೊದಲು ಮೀಟರ್‌ನಲ್ಲಿ ನೋಡಿಕೊಂಡಿರಬೇಕು, 12 ಇದ್ದರೆ ಮುಟ್ಟಲೇಬೇಡಿ. ರೀಡಿಂಗ್ ಮೇಲಕ್ಕೆ ಹಾರಿದರೆ ಕಡಿದಿರೋದು ಅರ್ತ್ ವೈರ್. ಎರಡೂ ಪಿನ್‌ನಲ್ಲಿ 5 ವೋಲ್ಟ್ ಬರದಿದ್ದರೆ ಕಡಿದಿರೋದು ಸಿಗ್ನಲ್ ವೈರ್. ಇದರಲ್ಲೂ ಇನ್ನೊಂದು ಸುಳಿವು ಇದೆ. ಬಹಳ ಕಾರುಗಳಲ್ಲಿ ನಾಲ್ಕೈದು ಸೆನ್ಸರ್‌ಗಳಿಗೆ ಒಂದೇ ಅರ್ತ್ ವೈರ್, ಅದು ಮುಂದೆ ಕವಲೊಡೆಯುತ್ತದೆ. ಮೂಲದಲ್ಲೇ ಕಡಿದಿದ್ದರೆ ಒಂದಿಷ್ಟು ಕೋಡ್ ಒಟ್ಟಿಗೆ ಬೀಳಬೇಕಿತ್ತು. ನಿಮಗೆ ಬಂದಿರೋದು ಒಂದೇ. ಹಾಗಾಗಿ ಅರ್ತ್ ಕಡಿದಿದ್ದರೂ ಕವಲಿನಿಂದ ಸೆನ್ಸರ್ ತನಕದ ಗೇಣು ಮೊಳ ಜಾಗದಲ್ಲೇ ಇರುತ್ತದೆ, ಇಡೀ ವೈರಿಂಗ್ ಬಿಚ್ಚಬೇಕಾಗಿಲ್ಲ.

ಲೈಟ್ ಇಲ್ಲದ ದಿನ ಪರೀಕ್ಷೆ ಮಾಡಬೇಕಾಗಿ ಬಂದರೆ ಅಲುಗಾಡಿಸಿ ನೋಡೋದೇ ದಾರಿ. ಆ್ಯಪ್‌ನಲ್ಲಿ ಗ್ರಾಫ್ ಹಾಕಿ, ಮನೆಯಲ್ಲಿ ಯಾರಿಗಾದರೂ ಮೊಬೈಲ್ ಕೊಟ್ಟು ಸೀಟಿನಲ್ಲಿ ಕೂರಿಸಿ. ನೀವು ಕಪ್ಲರ್‌ನಿಂದ ಶುರು ಮಾಡಿ ಬೆರಳಗಲ ಬೆರಳಗಲ ವೈರ್ ಬಗ್ಗಿಸುತ್ತಾ, ಮೆಲ್ಲಗೆ ಎಳೆಯುತ್ತಾ ಹೋಗಿ. ಗ್ರಾಫ್ ಧಡಕ್ ಅಂತ ಕೆಳಗೆ ಬಿದ್ದ ಕಡೆ ನಿಲ್ಲಿ. ನಿಜವಾದ ಬಿಸಿ ಹಾಗೆ ಒಂದು ಸೆಕೆಂಡಿನಲ್ಲಿ 85ರಿಂದ ಮೈನಸ್‌ಗೆ ಹೋಗೋಕೆ ಸಾಧ್ಯವೇ ಇಲ್ಲ, ಹಾಗಾಗಿ ಅಲ್ಲಿ ಅನುಮಾನಕ್ಕೆ ಜಾಗ ಇರುವುದಿಲ್ಲ. ಮೇಲೆ ಸಿಪ್ಪೆ ಚೆನ್ನಾಗಿದ್ದು ಒಳಗೆ ತಾಮ್ರ ಕಡಿದಿದ್ದರೆ, ಆ ಜಾಗದಲ್ಲಿ ಎಳೆದಾಗ ವೈರ್ ರಬ್ಬರ್ ಥರ ಹಿಗ್ಗುತ್ತದೆ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಮಾತ್ರ ಬಿಡುತ್ತದೆ ಅನ್ನಿಸಿದರೆ ಕಪ್ಲರ್ ಮೇಲೆ ಹೇರ್ ಡ್ರೈಯರ್ ಹಿಡಿದು ನೋಡಿ.

ಮೈಲೇಜ್ ವಿಷಯ ಹೇಳಲೇಬೇಕು, ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಪೂರ್ತಿ ಬಿಟ್ಟ ವೈರ್‌ಗಿಂತ ಅರ್ಧ ಹಿಡಿದ ವೈರ್ ಜಾಸ್ತಿ ನಷ್ಟ ಮಾಡುತ್ತದೆ. ಕಪ್ಲರ್‌ನಲ್ಲಿ ಕಿಲುಬು ಸೇರಿ 400 ಓಮ್ ರೆಸಿಸ್ಟೆನ್ಸ್ ಜಾಸ್ತಿ ಆಯಿತು ಅಂದುಕೊಳ್ಳಿ. 90 ಡಿಗ್ರಿಯಲ್ಲಿ ಸೆನ್ಸರ್‌ದು ಸುಮಾರು 240, ಎರಡೂ ಸೇರಿ 640. ಇಸಿಎಂ ಅದನ್ನು 60 ಡಿಗ್ರಿ ಆಸುಪಾಸು ಅಂತ ಓದುತ್ತದೆ. 60 ಡಿಗ್ರಿ ಆಗದ ಬಿಸಿಯೇನೂ ಅಲ್ಲ, ಕೋಡ್ ಬೀಳುವುದಿಲ್ಲ, ಲೈಟ್ ಬರುವುದಿಲ್ಲ. ಎಂಜಿನ್ ಇನ್ನೂ ಕಾದಿಲ್ಲ ಅಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತಾ ಹೋಗುತ್ತದೆ. ಲೈಟ್ ಇಲ್ಲದ ದಿನಗಳಲ್ಲೂ ನಿಮ್ಮ ಮೈಲೇಜ್ ಇಳಿದಿದ್ದರೆ ಕಾರಣ ಇದೇ ಇರಬಹುದು. ಕೂಲೆಂಟ್ ಕಮ್ಮಿಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತರೂ ರೀಡಿಂಗ್ ಹೆಚ್ಚುಕಮ್ಮಿ ಆಗುತ್ತದೆ, ಬಾಟಲಿಯಲ್ಲಿ ಮಟ್ಟ ನೋಡಿಕೊಳ್ಳಿ. ನಮ್ಮ ಕಡೆ ಎಂಜಿನ್ ಕಾಯುತ್ತದೆ ಅಂತ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಡುವ ಹಳೇ ಅಭ್ಯಾಸವೂ ಇದೆ. ಯಾರಾದರೂ ನಿಮ್ಮ ಗಾಡಿಯಲ್ಲಿ ಆ ಉಪಕಾರ ಮಾಡಿದ್ದರೆ ವಾಪಸ್ ಹಾಕಿಸಿ, ಇಲ್ಲದಿದ್ದರೆ ಎಂಜಿನ್ ಬೇಗ ಕಾಯದೆ ಪಿ0128 ಅಂತ ಇನ್ನೊಂದು ಕೋಡ್ ಬರುತ್ತದೆ.

ರಿಪೇರಿ ಮಾತ್ರ ಗಟ್ಟಿಯಾಗಿ ಆಗಬೇಕು. ಕಿಲುಬು ಸ್ವಲ್ಪವೇ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು. ಪಿನ್ ಅಗಲವಾಗಿದ್ದರೆ ಅಥವಾ ಕಿಲುಬು ತಿಂದುಬಿಟ್ಟಿದ್ದರೆ ವೈರ್ ತುಂಡಿನ ಸಮೇತ ಬರುವ ಹೊಸ ಕಪ್ಲರ್ ಹಾಕಿಸಿ, ಒಳ್ಳೇ ಆಟೋ ಎಲೆಕ್ಟ್ರಿಷಿಯನ್‌ಗೆ ಇದು ಒಂದು ಗಂಟೆ ಕೆಲಸವೂ ಅಲ್ಲ. ಎರಡು ವೈರಿನ ಜೋಡಣೆ ಒಂದೇ ಜಾಗದಲ್ಲಿ ಬೇಡ, ಸ್ವಲ್ಪ ಹಿಂದೆ ಮುಂದೆ ಇರಲಿ. ಬೆಸುಗೆ ಹಾಕಿ ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಕಾಯಿಸಿ ಕೂರಿಸಬೇಕು, ಬೆಸುಗೆಯ ಹತ್ತಿರ ವೈರ್ ಪೆಡಸಾಗುತ್ತದೆ, ಹಾಗಾಗಿ ಅಲುಗಾಡದ ಹಾಗೆ ಪಕ್ಕದ ಹಾರ್ನೆಸ್‌ಗೆ (ವೈರ್‌ಗಳ ಕಟ್ಟು) ಕಟ್ಟಬೇಕು. ತಿರುಚಿ ಟೇಪ್ ಸುತ್ತುತ್ತೇನೆ ಅಂದರೆ ಬೇಡ ಅನ್ನಿ. ಇಲಿಗೆ ಹೊಗೆಸೊಪ್ಪು, ನುಸಿಗುಳಿಗೆ, ಫಿನಾಯಿಲ್ ಅಂತ ಏನೇನೋ ಮಾಡುತ್ತಾರೆ. ವಾಸನೆ ಇರೋ ತನಕ ಸರಿ, ಆಮೇಲೆ ಯಥಾಸ್ಥಿತಿ. ಹುಲ್ಲಿನ ಮೆದೆ, ಮೂಟೆಗಳ ಪಕ್ಕ ಗಾಡಿ ನಿಲ್ಲಿಸದಿರೋದು, ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡೋದು ಜಾಸ್ತಿ ಉಪಯೋಗ.

ಬೇರೆ ಸೆನ್ಸರ್‌ಗಳಿಗೂ ದಾರಿ ಹೆಚ್ಚುಕಮ್ಮಿ ಇದೇ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮೂರು ವೈರಿನದು, 5 ವೋಲ್ಟ್ ಸಪ್ಲೈ, ಸಿಗ್ನಲ್, ಅರ್ತ್. ಕೆಲವದರಲ್ಲಿ ಗಾಳಿಯ ಬಿಸಿ ಅಳೆಯುವ ನಾಲ್ಕನೆಯದೂ ಇರುತ್ತದೆ. ಎಂಜಿನ್ ಆಫ್, ಕೀ ಆನ್ ಮಾಡಿದರೆ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಅಂತರ್ಜಾಲದಲ್ಲಿ 101 ಕಿಲೋಪಾಸ್ಕಲ್ ಬರಬೇಕು ಅಂತ ಓದಿ, ನಮ್ಮಲ್ಲಿ 92 ಬರುತ್ತಿದೆ ಸೆನ್ಸರ್ ಹೋಗಿದೆ ಅಂದವರಿದ್ದಾರೆ. 101 ಸಮುದ್ರಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ 92 ಬರಬೇಕು, ನಿಮ್ಮ ಮಂಡ್ಯ ಕಡೆ 93 ಆಸುಪಾಸು. ಅದೇ ಗಾಡಿ ಚಾಮುಂಡಿ ಬೆಟ್ಟದ ಮೇಲೆ ನಿಲ್ಲಿಸಿದರೆ 90ಕ್ಕಿಂತ ಕೆಳಗೆ ತೋರಿಸುತ್ತದೆ. ಇನ್ನು ಸಂಬಂಧವಿಲ್ಲದ ಮೂರ್ನಾಲ್ಕು ಸೆನ್ಸರ್‌ಗಳ ಕೋಡ್ ಒಟ್ಟಿಗೆ ಬಂದರೆ ಅವೆಲ್ಲ ಒಂದೇ ದಿನ ಸತ್ತಿರುವುದಿಲ್ಲ. ಎಲ್ಲಕ್ಕೂ ಹೋಗುವ 5 ವೋಲ್ಟ್ ಸಪ್ಲೈಯನ್ನು ಯಾವುದೋ ಒಂದು ಎಳೆದು ಬೀಳಿಸಿರುತ್ತದೆ. ಒಂದೊಂದೇ ಕಪ್ಲರ್ ಬಿಚ್ಚುತ್ತಾ ಹೋಗಿ, ಯಾವುದು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬರುತ್ತದೋ ಆ ಸೆನ್ಸರ್ ಅಥವಾ ಅದರ ವೈರ್ ನೋಡಿ. ಓಡಿ ಬಿಸಿಯಾದ ಮೇಲೆ ಆಫ್ ಆಗಿ, ಅರ್ಧ ಗಂಟೆ ಬಿಟ್ಟರೆ ತಾನೇ ಸ್ಟಾರ್ಟ್ ಆಗುವ ಗಾಡಿಯಲ್ಲಿ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವುದು) ಮೇಲೆ ಕಣ್ಣಿಡಿ. ಸೆಲ್ಫ್ ಹೊಡೆಯುವಾಗ ಆ್ಯಪ್‌ನಲ್ಲಿ ಆರ್‌ಪಿಎಂ ಸೊನ್ನೆಯೇ ಇದ್ದರೆ ಅದರ ಸಿಗ್ನಲ್ ಬರುತ್ತಿಲ್ಲ ಅಂತ.

ಗ್ಯಾರೇಜಿಗೇ ಹೋಗುವುದಾದರೆ ಜಗಳ ಬೇಡ. ಮೂರು ವಿಷಯ ಕೇಳಿ: ತೊಂದರೆ ಇರುವಾಗ ಕಪ್ಲರ್‌ನ ಎರಡು ಪಿನ್ ಜೋಡಿಸಿ ನೋಡಿದ್ರಾ, ಸಿಗ್ನಲ್ ವೈರ್‌ನಲ್ಲಿ ಎಷ್ಟು ವೋಲ್ಟ್ ಇತ್ತು, ಕಪ್ಲರ್‌ನಿಂದ ಇಸಿಎಂ ತನಕ ಎರಡೂ ವೈರ್ ಚೆಕ್ ಮಾಡಿದ್ರಾ. ಇದಕ್ಕೆ ಅಂಕಿಯಲ್ಲಿ ಉತ್ತರ ಬಾರದೆ ಇಸಿಎಂ ಬದಲಿಸಿ ಅಂದರೆ ಗಾಡಿ ವಾಪಸ್ ತನ್ನಿ. ವೈರ್ ಎರಡೂ ಸರಿ, ಇಸಿಎಂ ಸಾಕೆಟ್‌ನ ಪಿನ್‌ಗಳೂ ಬಿಗಿಯಾಗಿವೆ, ಇಸಿಎಂಗೆ ಬರುವ ಸಪ್ಲೈ ಅರ್ತ್ ಸರಿ, ಸಿಗ್ನಲ್ ಪಿನ್‌ನಲ್ಲಿ ವೋಲ್ಟೇಜ್ ಸರಿಯಾಗಿ ಏರಿಳಿಯುತ್ತಿದ್ದರೂ ಸ್ಕ್ಯಾನರ್ ಮೈನಸ್ 40 ತೋರಿಸುತ್ತದೆ, ಇಷ್ಟೂ ಆದ ಮೇಲೆ ಇಸಿಎಂ ಅನ್ನಬಹುದು. ಆಗಲೂ ಸೆಕೆಂಡ್ ಹ್ಯಾಂಡ್ ಇಸಿಎಂ ತಂದು ಹಾಕಿದರೆ ಕೀಯ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಬೀಗ) ಹೊಂದದೆ ಗಾಡಿ ಸ್ಟಾರ್ಟೇ ಆಗದಿರಬಹುದು, ಕೋಡಿಂಗ್ ಯಾರು ಮಾಡಿಕೊಡುತ್ತಾರೆ ಅಂತ ಮೊದಲೇ ಕೇಳಿ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ. ರಾತ್ರಿ ಇಡೀ ಗಾಡಿ ನಿಲ್ಲಲಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಕೀ ಆನ್ ಮಾಡಿ ಕೂಲೆಂಟ್ ಬಿಸಿ, ಒಳಬರುವ ಗಾಳಿಯ ಬಿಸಿ ಎರಡನ್ನೂ ನೋಡಿ, ನಾಲ್ಕೈದು ಡಿಗ್ರಿ ವ್ಯತ್ಯಾಸದೊಳಗೆ ಇರಬೇಕು. ಹೊರಗೆ 20 ಡಿಗ್ರಿ ಚಳಿ ಇದ್ದು ಕೂಲೆಂಟ್ 5 ಅಂತ ತೋರಿಸಿದರೆ ಇನ್ನೂ ಎಲ್ಲೋ ರೆಸಿಸ್ಟೆನ್ಸ್ ಉಳಿದಿದೆ. ಆಮೇಲೆ ಮಂಡ್ಯ ತನಕ ಹೋಗಿ ಬನ್ನಿ. ಬಿಸಿ ಒಂದೇ ಸಮ ಏರಿ 85, 95ರ ನಡುವೆ ನಿಲ್ಲಬೇಕು, ಟ್ರಾಫಿಕ್‌ನಲ್ಲಿ ಸ್ವಲ್ಪ ಏರಿ ಫ್ಯಾನ್ ಬಂದು ಮತ್ತೆ ಇಳಿಯಬೇಕು. ಬಹುತೇಕ ಆ್ಯಪ್‌ಗಳಲ್ಲಿ ಮಿನಿಮಮ್, ಮ್ಯಾಕ್ಸಿಮಮ್ ದಾಖಲಾಗುತ್ತದೆ. ವಾಪಸ್ ಬಂದು ಮಿನಿಮಮ್ ನೋಡಿ. ಅಲ್ಲಿ ಒಂದೇ ಒಂದು ಸಲ ಮೈನಸ್ 40 ಬಿದ್ದಿದ್ದರೂ ಇನ್ನೊಂದು ಕಡೆ ವೈರ್ ಬಿಡುತ್ತಿದೆ, ಕಪ್ಲರ್‌ನಿಂದ ಮತ್ತೆ ಶುರು ಮಾಡಿ.